ವೆಬ್ ವಿನ್ಯಾಸ ಕಲಿಯುವವರಿಗೆ ಬೇಕಾದದ್ದು ದುಬಾರಿ ಲ್ಯಾಪ್‌ಟಾಪ್ ಅಲ್ಲ

ಮಾನ್ಯ ಸಂಪಾದಕರೇ,

ಪ್ಲಸ್ ಟು ಫಲಿತಾಂಶ ಹೊರಬಿದ್ದ ಬಳಿಕ ನಿಮ್ಮ ಪತ್ರಿಕೆಯ ಶಿಕ್ಷಣ ಪುರವಣಿಯಲ್ಲಿ ವೆಬ್ ವಿನ್ಯಾಸದ ವೃತ್ತಿಯ ಕುರಿತು ಬಂದ ಲೇಖನವನ್ನು ಓದಿದೆ. ಹಳ್ಳಿಯ ಮಕ್ಕಳು ಊರಿನಲ್ಲೇ ಇದ್ದು ಮಾಡಬಹುದಾದ ಕೆಲಸವೆಂದು ಅದನ್ನು ಪರಿಚಯಿಸಿದ್ದು ಸಂತೋಷದ ವಿಷಯ. ಆದರೆ ಲೇಖನದ ಕೊನೆಯಲ್ಲಿ ಚೌಕಟ್ಟು ಹಾಕಿ ಕೊಟ್ಟಿರುವ ಅಗತ್ಯ ಸಲಕರಣೆಗಳ ಪಟ್ಟಿಯ ಬಗ್ಗೆ ನನ್ನ ತಕರಾರಿದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್, ತಿಂಗಳು ತಿಂಗಳು ಚಂದಾ ಕಟ್ಟಬೇಕಾದ ತಂತ್ರಾಂಶಗಳ ಗುಚ್ಛ, ಚಿತ್ರ ಬಿಡಿಸುವ ಟ್ಯಾಬ್ಲೆಟ್ ಇವೆಲ್ಲ ಇಲ್ಲದೆ ಈ ಕೆಲಸಕ್ಕೆ ಇಳಿಯುವಂತಿಲ್ಲ ಎಂಬ ಅರ್ಥ ಅಲ್ಲಿ ಬರುತ್ತದೆ. ಅದನ್ನು ಓದಿದ ನಮ್ಮ ಕಡೆಯ ಕೆಲವು ಹೆತ್ತವರು ಅಡಿಕೆ ಮಾರಿದ ಹಣವನ್ನೋ, ಸಹಕಾರಿ ಸಂಘದಲ್ಲಿ ಚಿನ್ನವಿಟ್ಟು ಪಡೆದ ಸಾಲವನ್ನೋ ಲ್ಯಾಪ್‌ಟಾಪಿಗೆ ಸುರಿಯಲು ಹೊರಟಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ. ಬದಿಯಡ್ಕ, ಕುಂಬಳೆ, ಮಂಜೇಶ್ವರ ಕಡೆಯ ದೇವಸ್ಥಾನಗಳು, ಶಾಲೆಗಳು, ಸಹಕಾರಿ ಸಂಘಗಳು, ಸಣ್ಣ ವ್ಯಾಪಾರಿಗಳು ನನ್ನ ಗಿರಾಕಿಗಳು. ಅವರ ಜಾಲತಾಣಗಳನ್ನು ಕಟ್ಟಿ, ನೋಡಿಕೊಳ್ಳುವುದೇ ನನ್ನ ಜೀವನೋಪಾಯ.

ಜಾಲತಾಣದ ಪುಟವೆಂದರೆ ಮೂಲತಃ ಬರಹದ ಕಡತ. ಪುಟದಲ್ಲಿ ಏನಿದೆ ಎಂಬುದನ್ನು ಎಚ್‌ಟಿಎಂಎಲ್‌ನಲ್ಲಿ, ಅದು ಹೇಗೆ ಕಾಣಬೇಕೆಂಬುದನ್ನು ಸಿಎಸ್‌ಎಸ್‌ನಲ್ಲಿ, ಮುಟ್ಟಿದಾಗ ಏನಾಗಬೇಕೆಂಬುದನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಬರೆಯುತ್ತೇವೆ. ಇವುಗಳನ್ನು ಬರೆಯಲು 2003ರಿಂದ ಉಚಿತವಾಗಿ ಸಿಗುತ್ತಿರುವ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಆದರೂ ಸಾಕು, 2015ರಲ್ಲಿ ಬಂದು ಈಗ ಎಲ್ಲೆಡೆ ಬಳಕೆಯಲ್ಲಿರುವ ವಿಎಸ್ ಕೋಡ್ ಆದರೂ ಸಾಕು. ಬರೆದದ್ದನ್ನು ನೋಡಲು ಫೈರ್‌ಫಾಕ್ಸ್, ಕ್ರೋಮ್ ಇವೆ, ಅದಕ್ಕೂ ದುಡ್ಡಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕಾಗುವುದು ವಿಡಿಯೊ ಸಂಕಲನ, ಮೂರು ಆಯಾಮದ ಚಿತ್ರಣ ಮತ್ತು ಆಟಗಳಿಗೆ. ವೆಬ್ ವಿನ್ಯಾಸದಲ್ಲಿ ಯಂತ್ರವನ್ನು ನಿಜವಾಗಿ ಬಳಲಿಸುವುದು ಬ್ರೌಸರಿನಲ್ಲಿ ಏಕಕಾಲಕ್ಕೆ ತೆರೆದಿಟ್ಟ ಟ್ಯಾಬುಗಳು. ಅವು ಕೇಳುವುದು ಯಂತ್ರದ ತಾತ್ಕಾಲಿಕ ನೆನಪಾದ ರ‍್ಯಾಮನ್ನು. 8 ಜಿಬಿ ಇದ್ದರೆ ಕೆಲಸ ಸಾಗುತ್ತದೆ, 16 ಇದ್ದರೆ ಆರಾಮ. ಹಳೆಯ ಲ್ಯಾಪ್‌ಟಾಪಿನ ತಿರುಗುವ ಹಾರ್ಡ್ ಡಿಸ್ಕನ್ನು ತೆಗೆಸಿ ತಿರುಗುವ ಭಾಗಗಳಿಲ್ಲದ, ಬಲು ವೇಗದ ಎಸ್‌ಎಸ್‌ಡಿ ಹಾಕಿಸಿದರೆ ಆಗುವ ವ್ಯತ್ಯಾಸವನ್ನು ಕಂಡವರು ಹೊಸ ಯಂತ್ರದ ಯೋಚನೆಯನ್ನು ಎರಡು ವರ್ಷವಾದರೂ ಮುಂದೂಡುತ್ತಾರೆ. ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪುಗಳನ್ನು ದುರಸ್ತಿ ಮಾಡಿ ವಾರಂಟಿ ಕೊಟ್ಟು ಮಾರುವ ಅಂಗಡಿಗಳು ಮಂಗಳೂರಿನಲ್ಲೂ ಕಣ್ಣೂರಿನಲ್ಲೂ ಇವೆ. ಕಲಿಯುವ ಹುಡುಗರಿಗೆ ಅವು ಧಾರಾಳ.

ಉಳಿಸಿದ ಹಣವನ್ನು ಮೊದಲು ಹಾಕಬೇಕಾದದ್ದು ಪರದೆಯ ಮೇಲೆ. ಅಗ್ಗದ ಲ್ಯಾಪ್‌ಟಾಪುಗಳಲ್ಲಿರುವ ಟಿಎನ್ ಜಾತಿಯ ಪರದೆಯಲ್ಲಿ ತಲೆಯನ್ನು ಸ್ವಲ್ಪ ಮೇಲೆ ಕೆಳಗೆ ಮಾಡಿದರೂ ಬಣ್ಣ ಬದಲಾಗುತ್ತದೆ. ಕುಂಕುಮದ ಕೆಂಪು ಒಮ್ಮೆ ಇಟ್ಟಿಗೆಯ ಬಣ್ಣವಾಗಿಯೂ ಒಮ್ಮೆ ಕಿತ್ತಳೆಯಾಗಿಯೂ ಕಾಣುತ್ತದೆ. ಐಪಿಎಸ್ ಪರದೆಯಲ್ಲಿ ಈ ತೊಂದರೆ ಬಹಳ ಕಡಿಮೆ. 1920×1080 ಚುಕ್ಕಿಗಳ (ಪಿಕ್ಸೆಲ್) ಒಂದು ಸಾಧಾರಣ ಐಪಿಎಸ್ ಮಾನಿಟರನ್ನು ಹಳೆಯ ಲ್ಯಾಪ್‌ಟಾಪಿಗೆ ಜೋಡಿಸಿಕೊಂಡು, ಒಂದರಲ್ಲಿ ಕೋಡ್, ಇನ್ನೊಂದರಲ್ಲಿ ಪುಟ ಎಂದು ಇಟ್ಟುಕೊಂಡವನ ಕೆಲಸ ದುಬಾರಿ ಯಂತ್ರದ ಒಂದೇ ಪರದೆಯಲ್ಲಿ ಕಿಟಕಿಗಳನ್ನು ಸರಿಸುತ್ತಾ ಕುಳಿತವನ ಕೆಲಸಕ್ಕಿಂತ ಬೇಗ ಮುಗಿಯುತ್ತದೆ.

ಎರಡನೆಯದು ಒಂದು ಅಗ್ಗದ ಆಂಡ್ರಾಯ್ಡ್ ಫೋನು. ಇದನ್ನು ಲೇಖನ ಹೆಸರಿಸಿಯೇ ಇಲ್ಲ. ದೇವಸ್ಥಾನದ ಜಾತ್ರೆಯ ದಿನಾಂಕವನ್ನೋ, ಸಂಘದ ಮಹಾಸಭೆಯ ನೋಟೀಸನ್ನೋ ನೋಡಬಯಸುವವರು ಕಂಪ್ಯೂಟರಿನ ಮುಂದೆ ಕುಳಿತಿರುವುದಿಲ್ಲ. ಕುಂಬಳೆ ರೈಲು ನಿಲ್ದಾಣದ ಬಿಸಿಲಿನಲ್ಲಿ ನಿಂತು, ಗೀರುಬಿದ್ದ ಗಾಜಿನ ಹಿಂದಿನಿಂದ ನೋಡುತ್ತಿರುತ್ತಾರೆ. ಪರದೆಯ ಅಗಲಕ್ಕೆ ತಕ್ಕಂತೆ ಪುಟ ತಾನೇ ಹೊಂದಿಕೊಳ್ಳಬೇಕೆಂಬ ವಿನ್ಯಾಸ ಕ್ರಮವನ್ನು ಈಥನ್ ಮಾರ್ಕಾಟ್ 2010ರಲ್ಲಿ ಹೆಸರಿಟ್ಟು ವಿವರಿಸಿದ ಮೇಲೆ ಅದು ಎಲ್ಲರ ರೂಢಿಯಾಗಿದೆ. ಕ್ರೋಮಿನ ಡೆವಲಪರ್ ಟೂಲ್ಸ್ ತೆರೆದು 360 ಪಿಕ್ಸೆಲ್ ಅಗಲದ ಫೋನಿನಲ್ಲಿ ಪುಟ ಹೇಗೆ ಕಾಣುತ್ತದೆಂದು ಲ್ಯಾಪ್‌ಟಾಪಿನಲ್ಲೇ ನೋಡಬಹುದು ನಿಜ. ಆದರೆ ಅದು ತೋರಿಸುವುದು ಅಳತೆಯನ್ನು ಮಾತ್ರ. ಎರಡು ಜಿಬಿ ರ‍್ಯಾಮಿನ ಹಳೆಯ ಫೋನು ಚಿತ್ರಗಳನ್ನು ತೆರೆಯಲು ಪಡುವ ಪಾಡನ್ನಾಗಲಿ, ಹೆಬ್ಬೆರಳು ಯಾವ ಗುಂಡಿಯನ್ನು ತಪ್ಪಿ ಯಾವುದನ್ನು ಒತ್ತುತ್ತದೆ ಎಂಬುದನ್ನಾಗಲಿ ಅದು ತೋರಿಸುವುದಿಲ್ಲ. ಈಗಿನ ಫೋನಿನಲ್ಲಿ ತೆಗೆದ 12 ಮೆಗಾಪಿಕ್ಸೆಲ್ ಫೋಟೊ ಸುಮಾರು 4000×3000 ಚುಕ್ಕಿಗಳಷ್ಟಿದ್ದು, ಒಂದೊಂದೂ ಮೂರು ನಾಲ್ಕು ಎಂಬಿ ತೂಗುತ್ತದೆ. ಅಂಥ ಇಪ್ಪತ್ತು ಫೋಟೊಗಳನ್ನು ದೇವಸ್ಥಾನದ ಬ್ರಹ್ಮಕಲಶೋತ್ಸವದ ಪುಟಕ್ಕೆ ನೇರವಾಗಿ ಏರಿಸಿದರೆ ಸಿಗ್ನಲ್ ಕಡಿಮೆಯಿರುವ ಅಡೂರು, ಎಣ್ಮಕಜೆ ಕಡೆಯ ಭಕ್ತರಿಗೆ ಕಾಣುವುದು ಬಿಳಿ ಚೌಕಗಳು ಮಾತ್ರ. ಬ್ರೌಸರಿನಲ್ಲೇ ನಡೆಯುವ ಸ್ಕ್ವೂಶ್‌ನಂಥ ಉಚಿತ ಸಲಕರಣೆಯಲ್ಲಿ ಅಗಲವನ್ನು 1200 ಚುಕ್ಕಿಗೆ ಇಳಿಸಿ ವೆಬ್‌ಪಿ ಎಂಬ ಹಗುರ ಚಿತ್ರರೂಪಕ್ಕೆ ತಿರುಗಿಸಿದರೆ ಅದೇ ಫೋಟೊ ಕೆಲವೇ ನೂರು ಕೆಬಿಗೆ ಬಂದು ನಿಲ್ಲುತ್ತದೆ. ಪರೀಕ್ಷೆಗೆಂದು ಐಫೋನನ್ನು ಕೊಳ್ಳಬೇಕಿಲ್ಲ, ನಮ್ಮಲ್ಲಿ ಸಿಗುವ ಐಫೋನುಗಳಲ್ಲಿ ಯಾವ ಬ್ರೌಸರ್ ಹಾಕಿಕೊಂಡರೂ ಒಳಗೆ ಇರುವುದು ಆಪಲ್ ಕಂಪನಿಯ ಸಫಾರಿ ಬ್ರೌಸರಿನ ವೆಬ್‌ಕಿಟ್ ಯಂತ್ರವೇ ಆದ್ದರಿಂದ, ಗಲ್ಫಿನಿಂದ ರಜೆಗೆ ಬಂದ ನೆಂಟರ ಫೋನನ್ನು ಅರ್ಧ ಗಂಟೆ ಕೇಳಿ ಪಡೆದರೆ ತೀರಿತು.

ಮೂರನೆಯದು ವಿದ್ಯುತ್ತು. ಮಳೆಗಾಲಕ್ಕೆ ಮುಂಚೆ ಏಪ್ರಿಲ್, ಮೇ ತಿಂಗಳುಗಳಲ್ಲಿ, ಮತ್ತೆ ಅಕ್ಟೋಬರಿನ ತುಲಾಮಳೆಯಲ್ಲಿ ನಮ್ಮ ಗುಡ್ಡಗಳ ಮೇಲೆ ಸಿಡಿಲು ಹೇಗೆ ಎರಗುತ್ತದೆ ಎಂಬುದನ್ನು ಇಲ್ಲಿಯ ಓದುಗರಿಗೆ ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲಿ ಕುಳಿತು ಸಲಕರಣೆಗಳ ಪಟ್ಟಿ ಬರೆಯುವವರಿಗೆ ಇದು ಹೊಳೆಯದೆ ಇರುವುದು ಸಹಜ. ಡೆಸ್ಕ್‌ಟಾಪ್ ಬಳಸುವವರಿಗೆ 600 ವಿಎ ಸಾಮರ್ಥ್ಯದ ಯುಪಿಎಸ್ ಇರಲೇಬೇಕು. ಅದರೊಳಗಿರುವ 12 ವೋಲ್ಟ್, 7 ಆಂಪಿಯರ್ ಅವರ್‌ನ ಬ್ಯಾಟರಿ ಹತ್ತು ಹದಿನೈದು ನಿಮಿಷ ದುಡಿದು, ಕಡತವನ್ನು ಉಳಿಸಿ ಯಂತ್ರವನ್ನು ಸರಿಯಾಗಿ ಮುಚ್ಚಲು ಸಮಯ ಕೊಡುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಆ ಬ್ಯಾಟರಿಯನ್ನು ಬದಲಿಸಬೇಕೆಂಬುದನ್ನು ಮರೆತು, ಯುಪಿಎಸ್ಸೇ ಹಾಳಾಯಿತೆಂದು ಗುಜರಿಗೆ ಹಾಕುವವರು ಬಹಳ ಮಂದಿ. ಯುಪಿಎಸ್ ಆಗಲಿ ಸರ್ಜ್ ಪ್ರೊಟೆಕ್ಟರ್ ಆಗಲಿ ತಂತಿಯಲ್ಲಿ ದಿಢೀರನೆ ಏರುವ ವಿದ್ಯುತ್ತನ್ನು ತಡೆಯಬೇಕಾದರೆ ಅರ್ಥಿಂಗ್ ಸರಿಯಾಗಿರಬೇಕು. ಮುರಕಲ್ಲಿನ ನೆಲದಲ್ಲಿ ಬೇಸಿಗೆಗೆ ತೇವ ಪೂರ್ತಿ ಆರಿಹೋಗಿ ಅರ್ಥಿಂಗ್ ಗುಂಡಿ ಹೆಸರಿಗೆ ಮಾತ್ರ ಉಳಿಯುತ್ತದೆ. ಮಾರ್ಚಿನಿಂದ ಮಳೆ ಹಿಡಿಯುವವರೆಗೆ ವಾರಕ್ಕೊಂದೆರಡು ಕೊಡ ನೀರು ಹೊಯ್ಯುವುದು ಲ್ಯಾಪ್‌ಟಾಪಿನ ವಿಮೆಗಿಂತ ಅಗ್ಗ. ಮೊದಲು ತಾಮ್ರದ ಟೆಲಿಫೋನ್ ತಂತಿಯ ಮೂಲಕ ಇಂಟರ್ನೆಟ್ ಬರುತ್ತಿದ್ದ ಕಾಲದಲ್ಲಿ ಸಿಡಿಲು ಆ ತಂತಿಯಲ್ಲೇ ಮನೆಯೊಳಗೆ ಬಂದು ಮೋಡೆಮ್ಮನ್ನೂ ಅದರಾಚೆಯ ಕಂಪ್ಯೂಟರನ್ನೂ ಸುಟ್ಟುಬಿಡುತ್ತಿತ್ತು. ಈಗ ಬರುವ ಆಪ್ಟಿಕಲ್ ಫೈಬರ್ ಗಾಜಿನ ಎಳೆಯಾದ್ದರಿಂದ ಅದರೊಳಗೆ ವಿದ್ಯುತ್ತು ಹರಿಯುವುದಿಲ್ಲ, ಆ ದಾರಿ ಮುಚ್ಚಿದೆ. ಆದರೆ ಮನೆಯಲ್ಲಿರುವ ಫೈಬರ್ ಮೋಡೆಮ್ಮಿನ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲೇ ಇರುತ್ತದೆ. ಗುಡುಗು ಸಮೀಪಿಸುವ ಮೊದಲೇ ಅದನ್ನೂ ಕೀಳುವುದು ಒಳ್ಳೆಯದು.

ಆಪರೇಟಿಂಗ್ ಸಿಸ್ಟಮ್ಮಿನ ವಿಷಯಕ್ಕೆ ಬಂದರೆ, ಕಾಸರಗೋಡಿನ ಮಕ್ಕಳಿಗೆ ಬೇರೆಡೆಯವರಿಗೆ ಇಲ್ಲದ ಒಂದು ಅನುಕೂಲವಿದೆ. ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಮೊದಲು ಐಟಿ ಅಟ್ ಸ್ಕೂಲ್ ಯೋಜನೆಯಾಗಿ, ಈಗ ಕೈಟ್ ಎಂಬ ಸರಕಾರಿ ಸಂಸ್ಥೆಯ ಮೂಲಕ, ಕಂಪ್ಯೂಟರ್ ಶಿಕ್ಷಣ ನಡೆಯುತ್ತಿರುವುದು ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಸ್ವತಂತ್ರ ತಂತ್ರಾಂಶದಲ್ಲಿ. ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಐಸಿಟಿ ಎಂಬ ಕಂಪ್ಯೂಟರ್ ಪಾಠವನ್ನು ಕನ್ನಡದ ಪುಸ್ತಕದಲ್ಲಿ ಓದಿ, ವಿಂಡೋಸಿನ ಬದಲು ಉಬುಂಟು ಆಧಾರಿತ ಲಿನಕ್ಸ್ ಇರುವ ಯಂತ್ರದಲ್ಲಿ ಫೋಟೊ ತಿದ್ದುವ ಜಿಂಪ್, ಚಿತ್ರ ಬಿಡಿಸುವ ಇಂಕ್‌ಸ್ಕೇಪ್, ಲಿಬ್ರೆಆಫೀಸ್‌ಗಳಲ್ಲಿ ಕೈ ಪಳಗಿಸಿಕೊಂಡೇ ಹತ್ತನೆಯ ತರಗತಿ ಮುಗಿಸುತ್ತಾರೆ. ಪೇಟೆಯ ತರಬೇತಿ ಕೇಂದ್ರಕ್ಕೆ ಸೇರಿದ ಮೊದಲ ದಿನವೇ ಅವರಿಗೆ ಆ ಕಲಿಕೆಯೆಲ್ಲ ಉಪಯೋಗವಿಲ್ಲದ್ದೆಂದು ಹೇಳಿ, ಪೆನ್‌ಡ್ರೈವಿನಲ್ಲಿ ಫೋಟೊಶಾಪಿನ ಕಳ್ಳ ಪ್ರತಿಯನ್ನು ಕೊಟ್ಟು ಕಳುಹಿಸುವ ಪದ್ಧತಿ ಇದೆಯೆಂದು ಬೇಸರದಿಂದ ಹೇಳಬೇಕಾಗಿದೆ. ಕಳ್ಳ ಪ್ರತಿ ನಡೆಯಬೇಕಾದರೆ ಸಾಮಾನ್ಯವಾಗಿ ಆಂಟಿವೈರಸನ್ನು ಸ್ಥಗಿತಗೊಳಿಸಿ ಅಪ್‌ಡೇಟುಗಳನ್ನು ನಿಲ್ಲಿಸಬೇಕು. ಗಿರಾಕಿಯ ಜಾಲತಾಣದ ಪಾಸ್‌ವರ್ಡುಗಳೆಲ್ಲ ಇರುವುದು ಅದೇ ಯಂತ್ರದಲ್ಲಿ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೂ, ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೆಯ ತಲೆಮಾರಿನ ಅಥವಾ ಆ ನಂತರದ ಪ್ರೊಸೆಸರೂ ಬೇಕು. ಹಾಗಾಗಿ ಮನೆಯಲ್ಲಿರುವ ಹಳೆಯ ಲ್ಯಾಪ್‌ಟಾಪು ಇನ್ನು ನಡೆಯುವುದಿಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ವಿಂಡೋಸಿನ ಮಟ್ಟಿಗೆ ಅವರ ಮಾತು ಸರಿ. ಲಿನಕ್ಸ್ ಹಾಕಿದರೆ ಅದೇ ಯಂತ್ರ ಇನ್ನೂ ಹಲವು ವರ್ಷ ನಡೆಯುತ್ತದೆ, ಅದನ್ನು ಬಳಸಲು ನಮ್ಮ ಮಕ್ಕಳಿಗೆ ಹೊಸದಾಗಿ ಕಲಿಸಬೇಕಾದ್ದೂ ಏನಿಲ್ಲ.

ಚಂದಾ ತಂತ್ರಾಂಶಗಳನ್ನು ನಾನು ಹೀಗಳೆಯುತ್ತಿಲ್ಲ. ದೊಡ್ಡ ಕಂಪನಿಯಲ್ಲಿ ಕೆಲಸ ಸಿಕ್ಕರೆ ಅವರೇ ಅದನ್ನು ಕೊಡಿಸುತ್ತಾರೆ. ಆದರೆ ಸಲಕರಣೆಯ ಹೆಸರನ್ನೇ ವಿದ್ಯೆಯೆಂದು ಕಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಈ ವೃತ್ತಿಯ ಚರಿತ್ರೆಯಲ್ಲೇ ಉದಾಹರಣೆಗಳಿವೆ. ಒಂದು ಕಾಲದಲ್ಲಿ ಪುಟದಲ್ಲಿ ಚಲಿಸುವ ಚಿತ್ರ ಮಾಡುವ ಫ್ಲ್ಯಾಶ್ ತಂತ್ರಾಂಶ ಬಾರದವನನ್ನು ವೆಬ್ ವಿನ್ಯಾಸಕ ಎನ್ನುತ್ತಿರಲಿಲ್ಲ. 2020ರ ಡಿಸೆಂಬರ್ 31ಕ್ಕೆ ಅದು ಮುಗಿಯಿತು. ಫೈರ್‌ವರ್ಕ್ಸ್ ಎಂಬ ಒಳ್ಳೆಯ ತಂತ್ರಾಂಶವನ್ನು ಬೆಳೆಸುವುದನ್ನು ಫೋಟೊಶಾಪಿನ ಕಂಪನಿಯಾದ ಅಡೋಬಿ 2013ರಲ್ಲಿ ನಿಲ್ಲಿಸಿತು, ಅದೇ ವರ್ಷ ತನ್ನ ಮುಖ್ಯ ತಂತ್ರಾಂಶಗಳ ಹೊಸ ಆವೃತ್ತಿಗಳನ್ನು ಚಂದಾ ಪದ್ಧತಿಗೆ ತಂದಿತು. ಪುಟಗಳ ರೂಪ ಬಿಡಿಸುವ ತಂತ್ರಾಂಶವಾಗಿ ಈಗ ಎಲ್ಲರ ಬಾಯಲ್ಲಿರುವ ಫಿಗ್ಮಾವನ್ನು ಅದೇ ಕಂಪನಿ 2,000 ಕೋಟಿ ಡಾಲರಿಗೆ ಕೊಳ್ಳುವುದಾಗಿ 2022ರಲ್ಲಿ ಸಾರಿ, 2023ರ ಕೊನೆಗೆ ವ್ಯವಹಾರವನ್ನು ಕೈಬಿಟ್ಟಿತು. ಆ ಹದಿನೈದು ತಿಂಗಳು ಫಿಗ್ಮಾ ಯಾರ ಪಾಲಾಗುತ್ತದೆ, ಬೆಲೆ ಎಷ್ಟಾಗುತ್ತದೆ ಎಂದು ಲೋಕದ ವಿನ್ಯಾಸಕರೆಲ್ಲ ಕಾದು ಕುಳಿತಿದ್ದರು. ಕಲಿಯುವವರಿಗೆ ಫಿಗ್ಮಾದ ಉಚಿತ ಖಾತೆ ಸಾಲುತ್ತದೆ, ಇಲ್ಲವೇ ಪೆನ್‌ಪಾಟ್ ಎಂಬ ಮುಕ್ತ ತಂತ್ರಾಂಶವಿದೆ. ಈ ಎಲ್ಲದರ ನಡುವೆಯೂ ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್ ಬೆಳೆಯುತ್ತಲೇ ಉಳಿದುಕೊಂಡಿವೆ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ಕನ್ನಡ ಪತ್ರಿಕೆಯೊಂದು ಕನ್ನಡದ ಮಕ್ಕಳಿಗಾಗಿ ಪ್ರಕಟಿಸಿದ ಆ ಪಟ್ಟಿಯಲ್ಲಿ ಕನ್ನಡಕ್ಕೆ ಬೇಕಾದ ಒಂದು ಸಲಕರಣೆಯೂ ಇಲ್ಲ. ಕಾಸರಗೋಡಿನಲ್ಲಿ ವೆಬ್ ವಿನ್ಯಾಸ ಮಾಡುವವನ ದಿನದ ಅರ್ಧ ಹೊತ್ತು ಹೋಗುವುದು ಬಣ್ಣ ಆರಿಸುವುದರಲ್ಲಲ್ಲ, ಕನ್ನಡ ಅಕ್ಷರಗಳನ್ನು ಸರಿಪಡಿಸುವುದರಲ್ಲಿ.

ಬ್ರಹ್ಮಕಲಶೋತ್ಸವದ ಆಮಂತ್ರಣವನ್ನೇ ತೆಗೆದುಕೊಳ್ಳಿ. ಸಮಿತಿಯವರು ಪ್ರೆಸ್ಸಿನಿಂದ ಬಂದ ಕಡತವನ್ನು ಕಳುಹಿಸಿ, ಇದನ್ನೇ ಜಾಲತಾಣದಲ್ಲಿ ಹಾಕಿ ಎನ್ನುತ್ತಾರೆ. ಅನೇಕ ಪ್ರೆಸ್ಸುಗಳಲ್ಲಿ ಇಂದಿಗೂ ಪುಟ ಕಟ್ಟುವುದು 2001ರಲ್ಲಿ ಕೊನೆಯ ಆವೃತ್ತಿ ಕಂಡ ಪೇಜ್‌ಮೇಕರಿನಲ್ಲಿ. ಅದಕ್ಕೆ ಯೂನಿಕೋಡ್, ಅಂದರೆ ಲೋಕದ ಲಿಪಿಗಳ ಒಂದೊಂದು ಅಕ್ಷರಕ್ಕೂ ಪ್ರತ್ಯೇಕ ಸಂಕೇತ ಕೊಡುವ ಕ್ರಮ, ಗೊತ್ತಿಲ್ಲ. ಆ ಕಡತದಲ್ಲಿ ಕನ್ನಡವಾಗಿ ಕಾಣುವುದು ನಿಜದಲ್ಲಿ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳು, ಅವುಗಳಿಗೆ ಹಳೆಯ ಫಾಂಟು ಕನ್ನಡದ ತುಣುಕುಗಳ ವೇಷ ಹಾಕಿರುತ್ತದೆ. ಆ ಫಾಂಟು ಇಲ್ಲದ ಕಡೆ ಪಠ್ಯವನ್ನು ತಂದು ಅಂಟಿಸಿದರೆ ತಲೆಯ ಮೇಲೆ ಚುಕ್ಕಿ, ಗೀರು, ಸೊನ್ನೆ ಹೊತ್ತ ರೋಮನ್ ಅಕ್ಷರಗಳ ಸಾಲು ಬರುತ್ತದೆ. ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳಿವೆ, ಅವು ಬಹುಪಾಲು ಕೆಲಸವನ್ನು ಮಾಡಿಕೊಡುತ್ತವೆ. ಉಳಿಯುವ ಚೂರುಪಾರಿನಲ್ಲೇ ಕಷ್ಟವಿರುವುದು. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ, ಒತ್ತುತ್ತಿದ್ದರು. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮದಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಎಡವಿದರೆ 'ಕಾರ್ಯಕ್ರಮ'ದ ರಕಾರ ಎಲ್ಲೋ ಹೋಗಿ ಕುಳಿತಿರುತ್ತದೆ. ತಂತ್ರಿಗಳ, ಮೊಕ್ತೇಸರರ, ದಾನಿಗಳ ನೂರಾರು ಹೆಸರುಗಳಿರುವ ಆಮಂತ್ರಣದಲ್ಲಿ ಇಂಥದ್ದನ್ನು ಒಂದೊಂದಾಗಿ ಹೆಕ್ಕಬೇಕು. ದಾನಿಯ ಹೆಸರು ತಪ್ಪಿದರೆ ಸಮಿತಿ ಸುಮ್ಮನಿರುವುದಿಲ್ಲ.

ಇದಕ್ಕಿಂತ ಕಣ್ಣಿಗೆ ಬೀಳದ ದೋಷವೊಂದಿದೆ. ಅನುಸ್ವಾರದ ಸೊನ್ನೆಯೂ ಕನ್ನಡ ಅಂಕಿಯ ಸೊನ್ನೆಯೂ ನೋಡಲು ಒಂದೇ ಥರ, ಕಂಪ್ಯೂಟರಿಗೆ ಮಾತ್ರ ಅವು ಬೇರೆ ಬೇರೆ ಅಕ್ಷರಗಳು. 'ಕುಂಬಳೆ'ಯಲ್ಲಿ ಅನುಸ್ವಾರದ ಜಾಗಕ್ಕೆ ಅಂಕಿಯ ಸೊನ್ನೆ ಸೇರಿಕೊಂಡಿದ್ದರೆ ಓದುವವರಿಗೆ ಗೊತ್ತಾಗುವುದೇ ಇಲ್ಲ. ಹುಡುಕುವವರಿಗೆ ಆ ಪುಟ ಸಿಗುವುದೂ ಇಲ್ಲ. ಹಾಗೆಯೇ 'ರ‍್ಯಾಂಕ್' ಎಂಬ ಪದದಲ್ಲಿ ರಕಾರ ಪೂರ್ತಿಯಾಗಿ ನಿಂತು ಅದಕ್ಕೆ ಯಕಾರದ ಒತ್ತು ಬರಬೇಕಾದರೆ ನಡುವೆ ಕಾಣದ ಒಂದು ಜೋಡಕ ಚಿಹ್ನೆಯನ್ನು ಇಡಬೇಕಾಗುತ್ತದೆ. ಪಠ್ಯವನ್ನು ಶುಚಿಗೊಳಿಸುವ ಕೆಲವು ಸಲಕರಣೆಗಳು ಆ ಚಿಹ್ನೆಯನ್ನು ಕಸವೆಂದು ಭಾವಿಸಿ ಕಿತ್ತೊಗೆಯುತ್ತವೆ, ಶಾಲೆಯ ಜಾಲತಾಣದಲ್ಲಿ ಪದದ ರೂಪವೇ ಕೆಡುತ್ತದೆ.

ಅಕ್ಷರ ಸರಿಯಾದ ಮೇಲೂ ವಿನ್ಯಾಸದ ತೊಡಕುಗಳು ಉಳಿಯುತ್ತವೆ. ಇಂಗ್ಲಿಷಿಗಾಗಿ ಮಾಡಿದ ಸಿದ್ಧ ವಿನ್ಯಾಸಗಳಲ್ಲಿ ಸಾಲಿನ ಎತ್ತರ ಹಲವೆಡೆ ಅಕ್ಷರದ 1.2ರಷ್ಟಿರುತ್ತದೆ. ಕನ್ನಡದಲ್ಲಿ 'ರಾಷ್ಟ್ರೀಯ', 'ಸ್ತ್ರೀ' ಮೊದಲಾದ ಪದಗಳ ಒತ್ತಿನ ಕೆಳಗೂ ಒತ್ತು ಇಳಿಯುವುದರಿಂದ ಗುಂಡಿಗಳಲ್ಲಿ ಅವುಗಳ ಬುಡ ಕತ್ತರಿಸಿಹೋಗುತ್ತದೆ, ಪರಿಚ್ಛೇದಗಳಲ್ಲಿ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ನಾನು 1.6ಕ್ಕಿಂತ ಕಡಿಮೆ ಇಡುವುದಿಲ್ಲ. ಪುಟದ ಮೊದಲ ಅಕ್ಷರವನ್ನು ದೊಡ್ಡದಾಗಿ ತೋರಿಸುವ ಶೈಲಿಯೊಂದು ಸಿಎಸ್‌ಎಸ್‌ನಲ್ಲಿದೆ. ನಮ್ಮ ದೇವಸ್ಥಾನಗಳ ಪುಟಗಳೆಲ್ಲ ಶ್ರೀಕಾರದಿಂದ ಆರಂಭವಾಗುತ್ತವೆ, ಆದರೆ ಯೂನಿಕೋಡಿನ ನಿಯಮದ ಪ್ರಕಾರ 'ಶ್ರೀ' ಎಂಬುದು 'ಶ್' ಮತ್ತು 'ರೀ' ಎಂದು ಎರಡು ತುಂಡಾಗಿ ಲೆಕ್ಕಕ್ಕೆ ಬರುವುದರಿಂದ ಕೆಲವು ಬ್ರೌಸರುಗಳಲ್ಲಿ ದೊಡ್ಡ 'ಶ್' ಒಂದೆಡೆ, ಸಣ್ಣ 'ರೀ' ಇನ್ನೊಂದೆಡೆ ಕಾಣಿಸಿಕೊಳ್ಳುತ್ತವೆ. ಫೋಟೊಶಾಪಿನ ಹಳೆಯ ಆವೃತ್ತಿಗಳಲ್ಲಿ ಪಠ್ಯದ ಎಂಜಿನ್ನನ್ನು ವರ್ಲ್ಡ್ ರೆಡಿ ಎಂಬ ಆಯ್ಕೆಗೆ ಬದಲಿಸದೆ ಕನ್ನಡ ಬರೆದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಉದುರುತ್ತವೆ. ಇದನ್ನು ಕಂಡು 'ಕನ್ನಡ ಸರಿಯಾಗಿ ಬರುವುದಿಲ್ಲ' ಎಂದು ಹಳೆಯ ಫಾಂಟಿಗೆ ಮರಳುವವರಿದ್ದಾರೆ. ಅದೇ ಪದವನ್ನು ಉಚಿತವಾದ ಇಂಕ್‌ಸ್ಕೇಪಿನಲ್ಲೋ ಜಿಂಪಿನಲ್ಲೋ ಬರೆದರೆ ಯಾವ ಆಯ್ಕೆಯನ್ನೂ ಬದಲಿಸದೆ ಸರಿಯಾಗಿ ಮೂಡುತ್ತದೆ, ಏಕೆಂದರೆ ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಅಕ್ಷರ ಜೋಡಿಸುವ ಹಾರ್ಫ್‌ಬಝ್ ಎಂಬ ಯಂತ್ರವೇ ಅವುಗಳಲ್ಲೂ ಇದೆ. ಕಾಸರಗೋಡಿನ ಕೆಲಸಕ್ಕೆ ದುಡ್ಡಿನ ತಂತ್ರಾಂಶಕ್ಕಿಂತ ಬಿಟ್ಟಿ ತಂತ್ರಾಂಶವೇ ಮೇಲು ಎಂದು ನಾನು ಹೇಳುವುದು ಇದೊಂದು ಕಾರಣಕ್ಕಾದರೂ ಹೌದು.

ಫಾಂಟುಗಳ ವಿಷಯದಲ್ಲಿ ಇಂದು ಬಡತನವಿಲ್ಲ. ಓದುವ ಪಠ್ಯಕ್ಕೆ ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ಅನೇಕ್ ಕನ್ನಡ, ಟೈರೊ ಕನ್ನಡ. ಶೀರ್ಷಿಕೆಗೆ ಬಾಲೂ ತಮ್ಮ, ಗುಬ್ಬಿ, ನವಿಲು: ಇವೆಲ್ಲ ಮುಕ್ತ ಪರವಾನಗಿಯವು. ಮಲಯಾಳದವರ ಮಂಜರಿ, ಮೀರ, ರಚನ ಫಾಂಟುಗಳನ್ನು ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಎಂಬ ಸ್ವಯಂಸೇವಕರ ಬಳಗ ಪೋಷಿಸಿಕೊಂಡು ಬಂದಿದೆ. ಇಲ್ಲಿಯ ಸಹಕಾರಿ ಸಂಘದ ಜಾಲತಾಣವೆಂದರೆ ಒಂದೇ ಪುಟದಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಇರಲೇಬೇಕು. ಮೂರು ಲಿಪಿಗಳ ಗಾತ್ರ ಒಂದಕ್ಕೊಂದು ಹೊಂದುವಂತೆ ಫಾಂಟು ಆರಿಸುವ ವಿದ್ಯೆಯನ್ನು ಮಂಗಳೂರಿನ ಯಾವ ತರಬೇತಿಯಲ್ಲೂ ಕಲಿಸಿದ್ದನ್ನು ನಾನು ಕಂಡಿಲ್ಲ. ಪುಟದ ಯಾವ ಭಾಗ ಯಾವ ಭಾಷೆಯಲ್ಲಿದೆ ಎಂಬುದನ್ನು ಕೋಡಿನಲ್ಲಿ ಗುರುತಿಸುವುದೂ ಅಷ್ಟೇ ಮುಖ್ಯ. ದೃಷ್ಟಿಯಿಲ್ಲದವರು ಬಳಸುವ ಎನ್‌ವಿಡಿಎ ಎಂಬ ಉಚಿತ ಓದುಗ ತಂತ್ರಾಂಶಕ್ಕೆ ಆ ಗುರುತು ಸಿಕ್ಕರೆ ಕನ್ನಡವನ್ನು ಕನ್ನಡದ ಧ್ವನಿಯಲ್ಲಿ ಓದಲು ಸಾಧ್ಯವಾಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿಗೂ ಸ್ಥಾನ ದೊರಕಿದ್ದು, ತುಳು ಬರಹದ ಫಲಕವನ್ನು ತಮ್ಮ ಜಾಲತಾಣದಲ್ಲೂ ಹಾಕಬೇಕೆಂದು ಕೇಳುವವರು ಬರತೊಡಗಿದ್ದಾರೆ. ಓದುಗರ ಫೋನಿನಲ್ಲಿ ಆ ಲಿಪಿಯ ಫಾಂಟು ಇರದಿದ್ದರೆ ಖಾಲಿ ಚೌಕಗಳು ಕಾಣುತ್ತವೆಯಾದ್ದರಿಂದ ಫಾಂಟನ್ನು ಜಾಲತಾಣದ ಜೊತೆಗೇ ಕಳುಹಿಸಬೇಕಾಗುತ್ತದೆ.

ಕನ್ನಡ ಬೆರಳಚ್ಚಿಗೆ ಹೊಸ ಕೀಲಿಮಣೆ ಕೊಳ್ಳಬೇಕಿಲ್ಲ. ನಮ್ಮ ನೆರೆಯ ಕಿನ್ನಿಕಂಬಳದ ಹೆಸರು ಹೊತ್ತಿರುವ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನೇ ಆಧಾರವಾಗಿಟ್ಟ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ಕ್ರಮ ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯಲ್ಲೇ ನಡೆಯುತ್ತದೆ, ಲಿನಕ್ಸಿನಲ್ಲಿ ಕಗಪ ಎಂಬ ಹೆಸರಿನಲ್ಲಿ ಮೊದಲೇ ಸೇರಿಕೊಂಡಿದೆ. ಒಂದು ವಾರ ಬೆರಳು ತಡವರಿಸಿದರೂ ಮುಂದೆ ಇಂಗ್ಲಿಷಿಗಿಂತ ವೇಗವಾಗಿ ಓಡುತ್ತದೆ.

ಹಳೆಯ ಫಾಂಟಿನ ತಾಪತ್ರಯಕ್ಕೆ ಸುಲಭವಾದ ಉಪಾಯವೊಂದಿದೆ. ಆಮಂತ್ರಣದ ಕರಡನ್ನು ಸಮಿತಿಯ ಕಾರ್ಯದರ್ಶಿಯವರು ಮೊದಲು ಬರೆಯುವುದು ತಮ್ಮ ಫೋನಿನಲ್ಲಿ, ಪ್ರೆಸ್ಸಿಗೆ ಕಳುಹಿಸುವುದು ವಾಟ್ಸ್‌ಆ್ಯಪಿನಲ್ಲಿ. ಫೋನಿನಲ್ಲಿ ಬರೆದದ್ದೆಲ್ಲ ಯೂನಿಕೋಡೇ. ಪ್ರೆಸ್ಸಿನವರು ಅದನ್ನು ಹಳೆಯ ಫಾಂಟಿಗೆ ಇಳಿಸಿ ಅಚ್ಚು ಮಾಡುತ್ತಾರೆ, ಕೊನೆಗೆ ನಮ್ಮ ಕೈಗೆ ಬರುವುದು ಆ ಇಳಿಸಿದ ಪ್ರತಿ. ಕಾರ್ಯದರ್ಶಿಯವರು ಮೂಲ ಸಂದೇಶವನ್ನು ಅಳಿಸದೆ ಇಟ್ಟುಕೊಂಡು, ಕರಡಚ್ಚಿನಲ್ಲಿ ಮಾಡಿದ ತಿದ್ದುಪಡಿಗಳನ್ನು ಅದರಲ್ಲೂ ಮಾಡಿ ನಮಗೆ ಕೊಟ್ಟರೆ ಎರಡು ದಿನದ ಕೆಲಸ ಒಂದು ಗಂಟೆಗೆ ಇಳಿಯುತ್ತದೆ. ಪತ್ರಿಕೆಗಳೂ ತಮ್ಮ ಹಳೆಯ ಸಂಚಿಕೆಗಳ ಲೇಖನಗಳನ್ನು ಬರೆದವರಿಗೆ ಮರಳಿ ಕೊಡುವಾಗ ಯೂನಿಕೋಡಿನಲ್ಲಿ ಕೊಡುವಂತಾದರೆ ನಮ್ಮ ಭಾಗದ ಲೇಖಕರ ಬರಹಗಳನ್ನು ಜಾಲಕ್ಕೆ ಏರಿಸುವ ಕೆಲಸ ಹಗುರವಾದೀತು.

ಕೊನೆಯದಾಗಿ, ಲೇಖನ ಮರೆತ ಇನ್ನೊಂದು ಖರ್ಚು ಡೊಮೈನ್ ಹೆಸರು, ಅಂದರೆ ಜಾಲತಾಣದ ವಿಳಾಸ, ಮತ್ತು ಜಾಲತಾಣವನ್ನು ಇಡುವ ಜಾಗವಾದ ಹೋಸ್ಟಿಂಗಿನದು. ಇದನ್ನು ವಿನ್ಯಾಸಕರೂ ಗಿರಾಕಿಗಳೂ ಇಬ್ಬರೂ ತಿಳಿದಿರಬೇಕು. ಭದ್ರತಾ ಪ್ರಮಾಣಪತ್ರವಿಲ್ಲದ ಜಾಲತಾಣದ ವಿಳಾಸದ ಎಡಕ್ಕೆ ಸುರಕ್ಷಿತವಲ್ಲ ಎಂಬ ಎಚ್ಚರಿಕೆಯನ್ನು ಕ್ರೋಮ್ 2018ರಿಂದ ತೋರಿಸತೊಡಗಿದ ಮೇಲೆ ಆ ಪ್ರಮಾಣಪತ್ರ ಅನಿವಾರ್ಯವಾಗಿದೆ. ಅದನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆ ಉಚಿತವಾಗಿ ಕೊಡುತ್ತಿದ್ದರೂ ವರ್ಷ ವರ್ಷ ಅದಕ್ಕೆಂದು ಸಾವಿರಾರು ರೂಪಾಯಿ ಬಿಲ್ಲು ಬರೆಯುವವರು ಇದ್ದಾರೆ. ಬಿಲ್ಲಿನಲ್ಲಿ ಆ ಸಾಲು ಕಂಡರೆ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಡೊಮೈನನ್ನು ವಿನ್ಯಾಸಕನ ಸ್ವಂತ ಇಮೇಲಿನಲ್ಲಿ ನೋಂದಾಯಿಸಿ, ಅವನು ಕೆಲಸ ಸಿಕ್ಕಿ ದುಬೈಗೆ ಹೋದ ಮೇಲೆ ನವೀಕರಣದ ಸೂಚನೆ ಯಾರಿಗೂ ಬಾರದೆ ವಿಳಾಸವೇ ಕೈಬಿಟ್ಟುಹೋದ ಸಂಸ್ಥೆಗಳು ನಮ್ಮ ಜಿಲ್ಲೆಯಲ್ಲಿವೆ. ಡೊಮೈನು ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯ ಇಮೇಲಿನಲ್ಲಿ ಇರಬೇಕು. ಜಾಲತಾಣದ ಪೂರ್ತಿ ಪ್ರತಿ ಸಂಸ್ಥೆಯ ಒಂದು ಹಾರ್ಡ್ ಡಿಸ್ಕಿನಲ್ಲಿ ಇರಬೇಕು. ಪಾಸ್‌ವರ್ಡುಗಳು ಮುಚ್ಚಿದ ಲಕೋಟೆಯಲ್ಲಿ ಕಚೇರಿಯ ಕಪಾಟಿನಲ್ಲಿ ಇರಬೇಕು. ಹೊಸ ಆಡಳಿತ ಸಮಿತಿ ಅಧಿಕಾರ ವಹಿಸಿಕೊಳ್ಳುವಾಗ ಲೆಕ್ಕದ ಪುಸ್ತಕ, ಮೊಹರು, ಪಾಸ್‌ಬುಕ್ಕುಗಳ ಜೊತೆಗೆ ಈ ಮೂರನ್ನೂ ಸಹಿ ಹಾಕಿ ಪಡೆದುಕೊಳ್ಳುವಂತೆ ನಿಮ್ಮ ಪತ್ರಿಕೆಯ ಮೂಲಕ ಎಲ್ಲ ಸಂಸ್ಥೆಗಳ ಪದಾಧಿಕಾರಿಗಳನ್ನು ವಿನಂತಿಸುತ್ತೇನೆ.

ಇಂತು,
ನಿಮ್ಮ ಓದುಗ, ವೆಬ್ ವಿನ್ಯಾಸಕ
ಬದಿಯಡ್ಕ, ಕಾಸರಗೋಡು ಜಿಲ್ಲೆ